ತೊಳೆದು ಕಳಿಸಿದ ಗಿಂಡಿ

ಮುನಿಯಣ್ಣ ದಿನಾ ಬೆಳಿಗ್ಗೆ ಬೀದಿ ಮೂಲೆಯ ಮುನೇಶ್ವರನ ಕಲ್ಲಿಗೆ ಒಂದು ಹೂವಿಟ್ಟು ಬಂದ ಮೇಲೇ ಕಾಫಿ ಕುಡಿಯುತ್ತಿದ್ದರು. ಜ್ವರ ಬಂದಾಗಲೂ ತಪ್ಪಿಸಲಿಲ್ಲ. ಜ್ವರ ಬಂದಿರುವುದು ತನಗೆ, ದೇವರಿಗಲ್ಲ ಎನ್ನುತ್ತಿದ್ದರು.

ಬಿಟಿಎಂ ಲೇಔಟ್ ಆಗುವ ಮೊದಲು ಅಲ್ಲಿ ಅವರ ರಾಗಿ ಹೊಲವಿತ್ತು. ಆಮೇಲೆ ಬಾಡಿಗೆ ಮನೆಗಳು ಬಂದವು. ೨೦೦೫ರಲ್ಲಿ ಹಳೇ ಮನೆ ಕೆಡವಿದಾಗ ಅಟ್ಟದಿಂದ ಒಂದು ರಾಶಿ ಹಿತ್ತಾಳೆ ಪಾತ್ರೆ ಇಳಿಯಿತು. ಗುಜರಿಯವನು ತಕ್ಕಡಿ ತಂದ. ಅವರದೇ ಮಳಿಗೆಯಲ್ಲಿ ಸೈಬರ್ ಕೆಫೆ ಇಟ್ಟಿದ್ದ ಸೀನು ತಡೆದ.

“ಅಣ್ಣ, ಫಾರಿನ್‌ನವರು ಹಳೇದಕ್ಕೆ ಪ್ರಾಣ ಬಿಡ್ತಾರೆ. ನೆಟ್‌ನಲ್ಲಿ ಮಾರಾಟಕ್ಕೆ ಹಾಕೋಣ.”

ಮೊದಲು ಹಾಕಿದ್ದು ಮುನಿಯಣ್ಣನ ತಾಯಿ ಸಪ್ಪಲಮ್ಮ ತವರಿಂದ ತಂದಿದ್ದ ಗಿಂಡಿಯ ಫೋಟೊ. ಹೊಗೆ, ಕಿಲುಬು ಸೇರಿ ಕಪ್ಪಾಗಿತ್ತು. ಕೆನಡಾದ ಒಬ್ಬ ಮೇಡಂ ಕೊಂಡರು. ಪಾರ್ಸೆಲ್ ತಲುಪಿದ ಮೇಲೆ ದೂರು ಬಂತು. ಫೋಟೊದಲ್ಲಿ ಕಪ್ಪು, ಬಂದಿರುವುದು ಹಳದಿ. ಫೋಟೊದಲ್ಲಿ ಇಲ್ಲದ ಅಕ್ಷರಗಳು ಕಂಠದ ಮೇಲಿವೆ. ಇದು ಹೊಸದು, ನಕಲಿ. ವೆಬ್‌ಸೈಟಿನವರು ದುಡ್ಡು ತಡೆಹಿಡಿದು, ಮುನಿಯಣ್ಣನ ಹೆಸರಿನ ಪಕ್ಕ ‘ದೂರು ಇದೆ’ ಎಂದು ಹಾಕಿದರು.

“ಅಣ್ಣ, ಗಿಂಡಿ ಬದಲಾಯಿಸಿದ್ರಾ?”

“ನಮ್ಮಮ್ಮನ ಗಿಂಡಿ ಕಣೋ. ಬದಲಾಯಿಸಕ್ಕೆ ನಮ್ಮಮ್ಮ ಏನು ಇಬ್ಬರಿದ್ರಾ?”

“ಮತ್ತೆ ಹಳದಿ ಅಂತಿದಾರೆ?”

“ಹುಣಸೆಹಣ್ಣು ಹಾಕಿ ಉಜ್ಜಿದೆ.”

“ಯಾಕೆ?”

“ಇನ್ನೊಬ್ಬರ ಮನೆಗೆ ಕಿಲುಬು ಪಾತ್ರೆ ಕಳಿಸ್ತಾರಾ?”

“ಅಣ್ಣ, ಆ ಕಿಲುಬಿಗೇ ಅವರು ಕಾಸು ಕೊಟ್ಟಿದ್ದು!”

ಮುನಿಯಣ್ಣ, ಮೊದಲೇ ಹೇಳಿದ್ದರೆ ಅದನ್ನು ಬೇರೆ ಕವರಿನಲ್ಲಿ ಹಾಕಬಹುದಿತ್ತು ಎಂದರು.

ಕಾಫಿ ತಂದ ಅವರ ಹೆಂಡತಿ ಗೌರಮ್ಮ, “ಬೂದಿ ಹಾಕಿ ಎರಡನೇ ಸಲ ಬೇರೆ ಉಜ್ಜಿದ್ರು ಸೀನು. ನಮ್ಮನೆ ಪಾತ್ರೆ ಒಂದಿನ ಮುಟ್ಟಿದೋರಲ್ಲ” ಎಂದು ಲೋಟ ಇಟ್ಟು ಹೋದರು.

“ದುಡ್ಡು ವಾಪಸ್ ತಗೊಳ್ಳಿ ಅಂತ ಬರೆದು ಮುಗಿಸಲಾ?” ಅಂದ ಸೀನು.

“ದುಡ್ಡು ಹೋದ್ರೆ ಹೋಗ್ಲಿ. ನಮ್ಮಮ್ಮನ ಗಿಂಡಿ ನಕಲಿ ಅಂತ ಎಲ್ಲೂ ಇರಬಾರದು. ಅದು ಬಾವಿ ಕಟ್ಟೆ ಮೇಲೆ ಬಿದ್ದು ಹೊಟ್ಟೆ ಹತ್ರ ನೆಗ್ಗಿದೆ. ಫೋಟೊದಲ್ಲೂ ಕಾಣುತ್ತೆ, ಕೈಲಿರೋದರಲ್ಲೂ ನೋಡ್ಕೊಳ್ಳಿ ಅಂತ ಬರಿ. ಉಜ್ಜಿದ್ರೆ ಕಿಲುಬು ಹೋಗುತ್ತೆ, ನೆಗ್ಗು ಹೋಗಲ್ಲ. ಆ ಅಕ್ಷರ ಅಮ್ಮನ ಹೆಸರು. ಕಿಲುಬಿನಡೀಲಿತ್ತು. ನಾನೂ ಉಜ್ಜಿದ ಮೇಲೇ ನೋಡಿದ್ದು.”

ಸೀನು ಹುಣಸೆಹಣ್ಣನ್ನೂ ಸೇರಿಸಿ ಇಂಗ್ಲಿಷಿನಲ್ಲಿ ಬರೆದ.

ಒಂದು ವಾರ ಸುದ್ದಿಯಿಲ್ಲ. ಆಮೇಲೆ ಮೇಡಂ ಉತ್ತರ ಬಂತು. ಎರಡು ನೆಗ್ಗೂ ಒಂದೇ ಎಂದು ಒಪ್ಪಿ ದೂರು ಹಿಂತೆಗೆದುಕೊಂಡಿದ್ದರು. ತಡೆದಿದ್ದ ದುಡ್ಡು ಬಂತು, ಹೆಸರಿನ ಪಕ್ಕದ ಮಾತೂ ಹೋಯಿತು. ಅನುಮಾನ ಪಟ್ಟಿದ್ದಕ್ಕೆ ಬೇಸರವಾಗಿದೆ, ಹಳೇ ಪಾತ್ರೆ ಕೂಡಿಡುವ ನನ್ನ ಸ್ನೇಹಿತರಿಗೆಲ್ಲ ನಿಮ್ಮ ಹೆಸರು ಹೇಳುತ್ತೇನೆ, ದಯವಿಟ್ಟು ಇನ್ನು ಮುಂದೆ ಮಾತ್ರ ತೊಳೆಯಬೇಡಿ ಎಂದೂ ಬರೆದಿದ್ದರು.

“ಅಣ್ಣ, ಸಖತ್ ಲಾಟರಿ! ಥ್ಯಾಂಕ್ಸ್ ಅಂತ ಹೊಡೀಲಾ?”

ಮುನಿಯಣ್ಣ ಕೆಫೆಯ ಮೂಲೆಯಲ್ಲಿ ಇಟ್ಟಿದ್ದ ಉಳಿದ ಪಾತ್ರೆಗಳ ಕಡೆ ನೋಡಿದರು.

“ಥ್ಯಾಂಕ್ಸ್ ಹೇಳು. ಆದ್ರೆ ಯಾರಿಗೂ ನನ್ನ ಹೆಸರು ಹೇಳೋದು ಬೇಡ ಅಂತ ಬರಿ. ತೊಳೀದೆ ನಾನು ಕಳಿಸಲ್ಲ. ಅವರೆಲ್ಲರ ಹತ್ರ ಎಷ್ಟಂತ ನೆಗ್ಗು ತೋರಿಸ್ಲಿ?”