ಸೋಮವಾರದ ಎರರ್

ಶಹಾಪುರದ ನಮ್ಮ ಪುಟ್ಟ ಆಫೀಸಿನಲ್ಲಿ ನನ್ನ ಪಕ್ಕದ ಕುರ್ಚಿ ಸಹೋದ್ಯೋಗಿಯೊಬ್ಬಳದು. ಕೋಡಿನಲ್ಲಿ ಮಾಹಿತಿ ಕೂಡಿಡುವ ಪಟ್ಟಿಗೆ, ಅಂದರೆ ಕಲೆಕ್ಷನ್‌ಗೆ, ಆಕೆ ‘ಡಬ್ಬಿ’ ಎನ್ನುತ್ತಿದ್ದಳು. ನನಗೆ ಎರರ್ ಬಂದಾಗಲೆಲ್ಲ ಕುರ್ಚಿ ಎಳೆದುಕೊಂಡು ಬಂದು, ಕನ್ನಡಕ ಹಣೆಗೇರಿಸಿ ಅದೇ ಮಾತು: “ಮೊದಲ ಡಬ್ಬ್ಯಾಗ ಏನರ ಅದನೋ ಇಲ್ಲೋ ನೋಡ್ರಿ ಸರ.”

ಬಾಡಿಗೆ ಎತ್ತಿನ ಜೋಡಿಯನ್ನು ಫೋನಿನಲ್ಲೇ ಗೊತ್ತುಮಾಡುವ ಆ್ಯಪ್ ಬರೆದಿದ್ದೆ. ಶನಿವಾರ ಚೆನ್ನಾಗಿ ಓಡಿದ್ದು, ಹುಣಸಗಿಯ ರೈತರು ನೋಡಿ ಒಪ್ಪಬೇಕಿದ್ದ ಸೋಮವಾರವೇ ಕೆಟ್ಟಿತು. ‘ಇವತ್ತಿನ ಮೊದಲ ಬುಕಿಂಗ್ ತೋರಿಸು’ ಎಂದರೆ ಬರೀ ಕೆಂಪು ಎರರ್. ಸರ್ವರನ್ನು ಶಂಕಿಸಿದೆ, ಕರೆಂಟನ್ನು ಶಂಕಿಸಿದೆ, ಕೊನೆಗೆ ನನ್ನ ಬಿ.ಪಿ.ಯನ್ನೂ. ರೈತರು ಆಗಲೇ ಮೆಟ್ಟಿಲು ಹತ್ತುತ್ತಿದ್ದರು.

ಕುರ್ಚಿ ಬಂತು, ಕನ್ನಡಕ ಏರಿತು.

“ಸರ, ನಮ್ಮ ಕಡಿ ಸೋಮವಾರ ಯಾರರ ಎತ್ತು ಹೂಡ್ತಾರೇನ್ರಿ? ಬಸವಣ್ಣನ ವಾರ ಅದ. ಖಾಲಿ ಡಬ್ಬ್ಯಾಗ ಕೈ ಹಾಕಿ ಮೊದಲನೇ ರೊಟ್ಟಿ ಕೊಡು ಅಂದ್ರ ಅದರ ಏನ್ ಮಾಡ್ಬೇಕು?”

ಕೋಡಿನಲ್ಲಿ ‘ಮೊದಲನೆಯದು’ ಎಂದಿದ್ದುದನ್ನು ‘ಇದ್ದರೆ ಮೊದಲನೆಯದು’ ಎಂದು ತಿದ್ದಿ, ಇಲ್ಲದಿದ್ದರೆ ತೋರಿಸಲೆಂದು ಒಂದು ಸಾಲು ಸೇರಿಸಿದಳು.

ಒಳಗೆ ಬಂದ ಹಿರಿಯ ರೈತರೊಬ್ಬರು ಪರದೆಯ ಮೇಲೆ ಅದನ್ನು ಗಟ್ಟಿಯಾಗಿ ಓದಿದರು: ‘ಇವತ್ತು ಎತ್ತಿಗೆ ಸೂಟಿ.’

“ಏ, ಇದಕ್ಕ ನಮ್ಮ ಸೋಮವಾರ ಗೊತ್ತದಲ್ಲೋ! ಫೋನಿನ್ಯಾಗ ಹಾಕ್ಕೊಳ್ರಿ ಎಲ್ಲಾರೂ!”

ನಾನು ಬೆವರು ಒರೆಸಿಕೊಂಡೆ.

“ಅಮಾಸಿಗೂ ಹೂಡಂಗಿಲ್ಲ ಸರ, ಅವತ್ತ ಮತ್ತ ಗಾಬರಿ ಆಗಬ್ಯಾಡ್ರಿ,” ಎಂದು ಆಕೆ ಕುರ್ಚಿ ಹಿಂದಕ್ಕೆ ತಳ್ಳಿದಳು. ಅಷ್ಟರಲ್ಲಿ ನಾನು ಅಮಾವಾಸ್ಯೆ ಹುಡುಕಲು ಕ್ಯಾಲೆಂಡರ್ ತೆಗೆದಾಗಿತ್ತು.