ನೀರಿಗೆ ಅದುಮಿದ ಕೈ

ನಮ್ಮ ಮನೆಯಲ್ಲಿ ಮೊದಲು ಕೈ ಮಾತಾಡುತ್ತಿತ್ತು, ಬಾಯಿ ಆಮೇಲೆ. ಅಪ್ಪ ಅಣ್ಣನಿಗೆ ಹೊಡೆಯುತ್ತಿದ್ದ, ಅಣ್ಣ ನನಗೆ ಹೊಡೆಯುತ್ತಿದ್ದ, ನಾನು ಮೀನಿನ ತಲೆಗೆ ದೊಣ್ಣೆಯಲ್ಲಿ ಬಾರಿಸುತ್ತಿದ್ದೆ. ಅಪ್ಪ ತೀರಿಕೊಂಡ ಮೇಲೂ ಇದೇನೂ ಬದಲಾಗಲಿಲ್ಲ. ಅಣ್ಣನ ಬಲಗೈ ಏಟು ಎಂಥದ್ದೆಂದು ನಮ್ಮೂರು ಸತ್ತೇಗಾಲದಲ್ಲಿ ಎಲ್ಲರಿಗೂ ಗೊತ್ತಿತ್ತು. ನನ್ನ ಮುಂದಿನ ಹಲ್ಲೊಂದು ಉದುರಿದ್ದು ಅದರಿಂದಲೇ.

ಅಣ್ಣ ತೆಪ್ಪದಲ್ಲಿ ಮೀನು ಹಿಡಿಯುವವನು. ಬೇಸಿಗೆಯಲ್ಲಿ ನಮ್ಮೂರ ಕಾವೇರಿ ಬಂಡೆಗಳ ಸಂದಿಯಲ್ಲಿ ಹರಿಯುತ್ತದೆ, ಎಷ್ಟೋ ಕಡೆ ನೀರು ಸೊಂಟದ ಮಟ್ಟ. ದುಂಡನೆಯ ತೆಪ್ಪ ಅಲ್ಲಿ ಸದ್ದಿಲ್ಲದೆ ಜಾರಿಕೊಂಡು ಹೋಗುತ್ತದೆ. ಆ ನಿಧಾನ ನನಗೆ ಆಗಿಬರಲಿಲ್ಲ. ಕೊಳ್ಳೇಗಾಲದ ವೆಲ್ಡಿಂಗ್ ಅಂಗಡಿಯಲ್ಲಿ ಹಳೆಯ ಪೆಟ್ರೋಲ್ ಪಂಪ್‌ಸೆಟ್ಟಿನ ಎಂಜಿನ್ನಿಗೆ ಆಳುದ್ದದ ರಾಡು ಹಾಕಿಸಿ, ತುದಿಗೆ ನೀರು ತಳ್ಳುವ ಫ್ಯಾನು ಕೂರಿಸಿ, ತಗಡಿನ ದೋಣಿಯ ಹಿಂದಕ್ಕೆ ಬಿಗಿಸಿಕೊಂಡೆ. ಅದರ ಹಿಡಿಯನ್ನು ಕೆಳಕ್ಕೆ ಒತ್ತಿದರೆ ಫ್ಯಾನು ನೀರಿನಿಂದ ಮೇಲಕ್ಕೇಳುತ್ತದೆ. ಬಂಡೆ ಬಂದಾಗ ಒತ್ತಬೇಕು, ದಾಟಿದ ಮೇಲೆ ಬಿಡಬೇಕು. ಒಂದು ಗಳಿಗೆ ತಡವಾದರೂ ಫ್ಯಾನು ಬಂಡೆಗೆ ಬಡಿದು ಹಿಡಿ ಪಕ್ಕೆಗೆ ಗುದ್ದುತ್ತದೆ. ಮೊದಲ ಬೇಸಿಗೆಯೆಲ್ಲ ನನ್ನ ಎಡಪಕ್ಕೆ ನೇರಳೆ ಹಣ್ಣಿನ ಬಣ್ಣಕ್ಕಿತ್ತು. ಸುಳ್ಳು ಯಾಕೆ ಹೇಳಲಿ, ಹೊಳೆಯ ಜೊತೆ ಹೀಗೆ ಹೊಡೆದಾಡುವುದು ನನಗೆ ಇಷ್ಟವಾಗಿತ್ತು.

ಆ ಎಂಜಿನ್ನಿನ ಆಕ್ಸಿಲರೇಟರನ್ನು ಬೆರಳಲ್ಲಿ ಹಿಡಿದೇ ಇರಬೇಕು, ಬಿಟ್ಟರೆ ಓಟ ಇಳಿಯುತ್ತದೆ. ಹಿಡಿದುಕೊಂಡು ಕೂತರೆ ಬಲೆಯಿಂದ ಮೀನು ಬಿಡಿಸುವವರು ಯಾರು? ಹಾಗಾಗಿ ಸೈಕಲ್ ಟ್ಯೂಬಿನ ಪಟ್ಟಿ ಕತ್ತರಿಸಿ ಆಕ್ಸಿಲರೇಟರನ್ನು ಬಿಗಿದು ಕಟ್ಟಿಬಿಡುತ್ತಿದ್ದೆ. ಎಂಜಿನ್ ಇಟ್ಟುಕೊಂಡವರೆಲ್ಲ ಮಾಡುತ್ತಿದ್ದದ್ದೇ ಇದು.

ಅಣ್ಣ ನೋಡಿದಾಗಲೆಲ್ಲ ಬೈಯುತ್ತಿದ್ದ. "ಲೇ, ಆ ಟ್ಯೂಬ ಬಿಚ್ಚಾಕ್ಲಾ. ನೀನು ನೀರಿಗೆ ಬಿದ್ರೆ ಅದೇನು ನಿಂತ್ಕಂಡು ನಿನ್ನ ಕಾಯ್ತದಾ?"

"ನಿನ್ ತೆಪ್ಪ ನೋಡ್ಕೊ ಓಗಣ್ಣ," ಅನ್ನುತ್ತಿದ್ದೆ ನಾನು.

ಹೊಳೆಗೆ ಅಡ್ಡ ಬಲೆ ಕಟ್ಟಿದವರು ಗುರುತಿಗೆ ಖಾಲಿ ನೀರಿನ ಬಾಟಲಿ ತೇಲಿಬಿಟ್ಟಿರುತ್ತಾರೆ. ಬಾಟಲಿ ಕಂಡರೆ ಎಂಜಿನ್ನಿನವನು ಆಫ್ ಮಾಡಿ, ಫ್ಯಾನು ಎತ್ತಿ, ಕೋಲೂರಿಕೊಂಡು ದಾಟಬೇಕು. ಅವತ್ತು ಬೆಳಿಗ್ಗೆ ಟ್ಯೂಬು ಕಟ್ಟಿ, ಹಿಡಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಎರಡೂ ಕೈಯಲ್ಲಿ ಬೀಡಿ ಹಚ್ಚುತ್ತಿದ್ದೆ. ತಲೆ ಎತ್ತುವಷ್ಟರಲ್ಲಿ ಫ್ಯಾನು ಬಲೆಯನ್ನು ಚಿಂದಿ ಮಾಡಿಕೊಂಡು ದಾಟಿತ್ತು. ಜಿಲೇಬಿ ಮೀನುಗಳು ತುಂಡಾಗಿ ನೀರಿನ ಮೇಲೆ ಹಾರಿದವು. ಬಲೆ ಅಣ್ಣನದು. ಅವನು ಹತ್ತು ಮಾರು ಆಚೆ ತೆಪ್ಪದಲ್ಲಿ ಕೂತು ಎಲ್ಲ ನೋಡುತ್ತಿದ್ದ.

ತಪ್ಪಾಯಿತು ಅನ್ನಬೇಕಿತ್ತು. ನಾನು ನಕ್ಕೆ. ಯಾಕೆ ನಕ್ಕೆನೋ ಇವತ್ತಿಗೂ ಗೊತ್ತಿಲ್ಲ.

ಹಿಡಿಯನ್ನು ಕಾಲಲ್ಲಿ ಮೆಟ್ಟಿ, ಫ್ಯಾನು ಮೇಲೆತ್ತಿಕೊಂಡು ನಿಂತಿದ್ದೆ. ಎಂಜಿನ್ ಆಫ್ ಮಾಡಿರಲಿಲ್ಲ. ಅಣ್ಣ ತೆಪ್ಪ ತಂದು ಗುದ್ದಿಸಿ, ನನ್ನ ದೋಣಿಗೆ ಹಾರಿ, ಹುಟ್ಟುಗೋಲಿನಿಂದ ಬೆನ್ನಿಗೆ ಬಾರಿಸಿದ. ಎರಡನೆಯ ಏಟಿಗೆ ನಾನು ಅವನ ಸೊಂಟ ತಬ್ಬಿದೆ. ಇಬ್ಬರೂ ನೀರಿಗೆ ಬಿದ್ದೆವು. ನನ್ನ ಕಾಲು ಹಿಡಿಯಿಂದ ತಪ್ಪಿದೊಡನೆ ಫ್ಯಾನು ನೀರಿಗಿಳಿದು, ದೋಣಿ ಒಂದೇ ಹೊರಳಿಗೆ ಓಡಿತು.

ನೀರು ಸೊಂಟದ ಮಟ್ಟವಿತ್ತು. ಹೇಗೋ ನಾನು ಮೇಲಾದೆ. ಅಣ್ಣನ ಹಿಂಗತ್ತನ್ನು ಎರಡೂ ಕೈಯಲ್ಲಿ ಹಿಡಿದು ನೀರೊಳಕ್ಕೆ ಅದುಮಿದೆ. ಸಾಯಲಿ ಅಂತಲೇ ಅದುಮಿದೆ. ಇದನ್ನು ಬರೆಯುವಾಗ ಬೇರೆ ಮಾತಿಗೆ ತಡಕಾಡಿದೆ, ಸಿಗಲಿಲ್ಲ. ಅವನು ಒದೆಯುತ್ತಿದ್ದ, ಬಲಗೈ ಮೇಲೆತ್ತಿ ನನ್ನ ಅಂಗಿಗಾಗಿ ಪರದಾಡುತ್ತಿದ್ದ. ಎಂಜಿನ್ನಿನ ಸದ್ದು ಹತ್ತಿರವಾಗುತ್ತಿದ್ದುದು ಕಿವಿಗೆ ಬಿತ್ತು. ತಿರುಗಿ ನೋಡಲಿಲ್ಲ.

ಹಿಡಿಯುವವರಿಲ್ಲದ ದೋಣಿ ಸುತ್ತು ಹಾಕಿಕೊಂಡು ನಮ್ಮತ್ತಲೇ ಬಂದಿತ್ತು. ತಗಡು ಪಕ್ಕದಲ್ಲಿ ಸರಿದುಹೋಯಿತು. ಹಿಂದಿನ ರಾಡು ಬಂಡೆಗೆ ಬಡಿದು ಚಿಮ್ಮಿ, ಫ್ಯಾನು ನೀರಿನ ಮೇಲೆ ಬೀಸಿ ಬಂದು ಅಣ್ಣನ ಬಲಗೈಗೆ ಹೊಡೆಯಿತು. ಅವನ ತಲೆ ನೀರಿನ ಹೊರಗಿದ್ದಿದ್ದರೆ ಆ ಏಟು ಕತ್ತಿಗೇ ಬೀಳುತ್ತಿತ್ತು.

ಸುತ್ತಲಿನ ನೀರು ಕೆಂಪಾದ ಮೇಲೆ ನಾನು ಕೈ ಬಿಟ್ಟೆ. ದೋಣಿ ಮರಳಿಗೆ ಹತ್ತಿ ಕೆಮ್ಮಿ ನಿಂತಿತು. ಅಣ್ಣನನ್ನು ಅಲ್ಲಿಗೆ ಎಳೆದುಕೊಂಡು ಹೋಗಿ, ಆಕ್ಸಿಲರೇಟರಿಗೆ ಕಟ್ಟಿದ್ದ ಟ್ಯೂಬನ್ನೇ ಕಿತ್ತು ಅವನ ತೋಳಿಗೆ ಬಿಗಿದೆ. ತೆಂಗಿನಕಾಯಿ ತುಂಬಿದ್ದ ಗೂಡ್ಸ್ ಆಟೊ ಸಿಕ್ಕಿತು. ಕೊಳ್ಳೇಗಾಲದ ಆಸ್ಪತ್ರೆಯಿಂದ ಮೈಸೂರಿಗೆ ಕಳಿಸಿದರು. ಮೊಣಕೈಯಿಂದ ಕೆಳಗೆ ಉಳಿಯಲಿಲ್ಲ.

ಆಸ್ಪತ್ರೆಯಲ್ಲಿ ಎಚ್ಚರವಾದ ಮೇಲೆ ಅಣ್ಣ ಎಲ್ಲರಿಗೂ ಒಂದೇ ಮಾತು ಹೇಳಿದ. "ದೋಣಿ ಬರೋದ ಕಂಡು ನನ್ ತಮ್ಮ ತಲೆ ಅದುಮ್ದ. ಇಲ್ಲಾಂದ್ರೆ ಕತ್ತೇ ಓಯ್ತಿತ್ತು."

ಅತ್ತಿಗೆ ನನ್ನ ತಟ್ಟೆಗೆ ಮೊದಲು ಬಡಿಸತೊಡಗಿದಳು. ಮಾರ್ಟಳ್ಳಿಯಿಂದ ಬಂದ ಸೋದರತ್ತೆ ನನ್ನ ಎರಡೂ ಕೈ ಕಣ್ಣಿಗೊತ್ತಿಕೊಂಡು, "ಮಾದಪ್ಪನೇ ಈ ಕೈಲಿ ಬಂದು ಅದುಮ್ಸವ್ನೆ ಕಣಪ್ಪಾ," ಅಂದಳು. ಅಣ್ಣ ತಮ್ಮ ಇಬ್ಬರೂ ನಡೆದು ಮಾದಪ್ಪನ ಬೆಟ್ಟ ಹತ್ತಬೇಕೆಂದು ಹರಕೆಯನ್ನೂ ಹೊತ್ತಳು. ಆ ಕೈ ಕತ್ತರಿಸಿ ಬಿಸಾಡಬೇಕು ಅನ್ನಿಸುತ್ತಿತ್ತು ನನಗೆ.

ಗಾಯ ಮಾಗಿದ ಮೇಲೆ ಹೊರಟೆವು. ಬೆಟ್ಟದ ಬುಡದ ತಾಳುಬೆಟ್ಟದಲ್ಲಿ ಬಸ್ಸಿಳಿದು ಎಲ್ಲರಂತೆ ಕಾಯಿ ಒಡೆಯಬೇಕಿತ್ತು. ಅಣ್ಣ ಎಡಗೈಯಲ್ಲಿ ಎರಡು ಸಲ ಕುಕ್ಕಿದ, ಕಾಯಿ ಒಡೆಯದೆ ಉರುಳಿತು. ಅದನ್ನೆತ್ತಿ ನಾನು ಒಡೆದೆ. ಒಂದಿಷ್ಟು ದೂರ ಹತ್ತಿದ ಮೇಲೆ ತಡೆಯಲಾಗಲಿಲ್ಲ.

"ಅಣ್ಣ, ನಾನು ದೋಣಿ ಕಂಡು ಅದುಮ್ಲಿಲ್ಲ."

"ಗೊತ್ತು ಕಣ್ಲಾ," ಅಂದ. "ನೀರೊಳಗಿದ್ದೋನು ನಾನು. ಉಳಸೋ ಕೈ ಅಂಗೆ ಅದುಮ್ತದಾ?"

"ಮತ್ಯಾಕೆ ಎಲ್ಲರ್ಗೂ ಅಂಗೇಳ್ದೆ?"

"ಇನ್ನೇನ್ಲಾ ಏಳ್ಲಿ? ನನ್ ಐಕ್ಳು ನಿನ್ನ ಚಿಕ್ಕಪ್ಪ ಅನ್ಬ್ಯಾಡ್ವಾ?"

ಅಷ್ಟು ಹೇಳಿ ಎಡಗೈ ಎತ್ತಿ ಹೊಡೆದ. ಆ ಕೈಗೆ ಅಭ್ಯಾಸವಿಲ್ಲ, ಕೆನ್ನೆ ತಪ್ಪಿ ಕಿವಿ ಸವರಿಕೊಂಡು ಹೋಯಿತು. ಹಲ್ಲು ಉದುರಿದ ದಿನವೂ ಅಳದವನು ನಾನು, ದಾರಿಯಲ್ಲೇ ಕುಕ್ಕರಿಸಿ ಅತ್ತೆ.

"ಇನ್ನೂ ಜೋರಾಗಿ ಒಡಿಯಣ್ಣ," ಅಂದೆ.

ಅಣ್ಣ ತನ್ನ ಎಡಗೈಯನ್ನು ಒಮ್ಮೆ ತಿರುಗಿಸಿ ನೋಡಿಕೊಂಡ.

"ಈ ಕೈಗೆ ಅಷ್ಟೇ ಕಣ್ಲಾ ಬರೋದು."