ಮೊಳದಮ್ಮ ಗೋಡೆ ಬಿಡಿಸಿದ್ದು

ಆಸ್ಪತ್ರೆಯ ತೋಟದ ಹಿರಿಯ ಮಾಲಿಗೆ ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಡಾಕ್ಟರರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರಿಗೂ ಆಕೆ ಮೊಳದಮ್ಮ. ಅಳತೆ ಟೇಪನ್ನು ಆಕೆ ಮುಟ್ಟಿದವಳಲ್ಲ. ಮೊಣಕೈಯನ್ನು ಗೋಡೆಗೆ ಊರಿ, ಬೆರಳು ಚಾಚಿ, ಒಂದು ಮೊಳ, ಎರಡು ಮೊಳ ಎಂದು ಎಣಿಸುವಳು. ಆ ಎರಡು ಮೊಳದೊಳಗೆ ಗಿಡವಿರಲಿ, ಕುಂಡವಿರಲಿ, ಸೂಪರಿಂಟೆಂಡೆಂಟರ ಸೈಕಲ್ಲೇ ಇರಲಿ, ಅಲ್ಲಿಂದ ಎದ್ದಿತೆಂದೇ ಲೆಕ್ಕ. ಇಪ್ಪತ್ತಾರು ವರ್ಷಗಳಿಂದ ಆ ಆಸ್ಪತ್ರೆಯ ಕೆಳಗಿನ ವಾರ್ಡುಗಳಲ್ಲಿ ಜೇಡದ ಕಾಟವಿರಲಿಲ್ಲ. ಅದರ ಕೀರ್ತಿಯನ್ನು ಆಡಳಿತ ಮಂಡಳಿ ಫಿನಾಯಿಲಿಗೆ ಕೊಟ್ಟಿತ್ತು. ಮೊಳದಮ್ಮ ತಕರಾರು ತೆಗೆಯಲಿಲ್ಲ. ಫಿನಾಯಿಲು ಪಾಪ, ತಾನಾಗಿ ಎದ್ದು ಹೋಗಿ ಕುಂಡ ಸರಿಸಲಾರದು ಎಂಬುದು ಆಕೆಗೆ ಗೊತ್ತಿತ್ತು, ಅಷ್ಟು ಸಾಕಿತ್ತು.

ಒಂದು ಗುರುವಾರ ಅಕ್ಕ ಫೋನು ಮಾಡಿ ಅತ್ತಳು. ಅಕ್ಕ ತನ್ನ ಮನೆಯ ಹಜಾರದಲ್ಲಿ, ಕೆಲಸಕ್ಕೆ ಹೋಗುವ ತಾಯಂದಿರ ಕೂಸುಗಳನ್ನು ನೋಡಿಕೊಳ್ಳುತ್ತಿದ್ದಳು. ನಾಲ್ಕು ತೊಟ್ಟಿಲು, ನಾಲ್ಕು ಕೂಸು, ಹದಿನಾಲ್ಕು ವರ್ಷದ ಹೆಸರು. ಆ ತಿಂಗಳಲ್ಲಿ ಮೂರು ಸಲ ತೊಟ್ಟಿಲಲ್ಲಿ ಜೇಡ ಸಿಕ್ಕಿತ್ತು. ಯಾರನ್ನೂ ಕಚ್ಚಿರಲಿಲ್ಲ, ನಿಜ. ಆದರೂ ನಾಲ್ವರು ತಾಯಂದಿರು ಒಟ್ಟಾಗಿ ಗಡುವು ಕೊಟ್ಟಿದ್ದರು: ಸೋಮವಾರ ಬಂದು ನೋಡುತ್ತೇವೆ, ಇನ್ನೊಂದು ಕಂಡರೆ ಮಕ್ಕಳನ್ನು ಬೇರೆ ಕಡೆ ಬಿಡುತ್ತೇವೆ.

"ಭಾವ ಏನಂತಾರೆ?"

"ಅವರೇ? ಮೂರು ಸಲ ಔಷಧಿ ಹೊಡೆದ್ರು. ಜೇಡ ಸಾಯಲಿಲ್ಲ, ನನಗೆ ಕೆಮ್ಮು ಬಂತು."

ಶುಕ್ರವಾರ ಬೆಳಗ್ಗೆ ಮೊಳದಮ್ಮ ರಜೆ ಹಾಕಿ ಬಂದಳು. ಬಾಗಿಲಲ್ಲೇ ಕಾಯುತ್ತಿದ್ದ ಅಕ್ಕ, "ಒಳಗೆ ಬಾರೇ, ತೊಟ್ಟಿಲು ತೋರಿಸ್ತೀನಿ," ಎಂದಳು.

"ತೊಟ್ಟಿಲು ಏನು ತಪ್ಪು ಮಾಡಿದೆ? ಮೊದಲು ಹೊರಗಿನ ಗೋಡೆ ನೋಡ್ತೀನಿ."

ಗೋಡೆ ಕಂಡಿದ್ದರೆ ತಾನೆ ನೋಡುವುದು. ಭಾವ ಬೀದಿ ದೀಪಗಳ ಫೋರ್‌ಮನ್ ಆಗಿ ನಿವೃತ್ತರಾದವರು. ಇಲಾಖೆ ಅವರನ್ನು ಬಿಟ್ಟುಕೊಟ್ಟರೂ ಅವರು ಇಲಾಖೆಯನ್ನು ಬಿಟ್ಟುಕೊಟ್ಟಿರಲಿಲ್ಲ. ಮನೆಯ ಎರಡು ಬದಿಗೂ ಕೇಬಲ್ ಸುತ್ತುವ ಮರದ ಉರುಳೆಗಳು, ಹಲಗೆಗಳು, ಬಲ್ಬಿನ ಖಾಲಿ ಪೆಟ್ಟಿಗೆಗಳು ಗೋಡೆಗೆ ಒರಗಿ ಕಿಟಕಿಯ ಎತ್ತರಕ್ಕೆ ನಿಂತಿದ್ದವು.

"ಅದನ್ನ ಮುಟ್ಟಬೇಡ. ಅದು ಸ್ಟಾಕು," ಎಂದರು ಭಾವ, ಕೈ ಹಿಂದೆ ಕಟ್ಟಿಕೊಂಡು.

"ನಿವೃತ್ತಿಯಾಗಿ ಒಂಬತ್ತು ವರ್ಷ ಆಯ್ತಲ್ಲ ಭಾವ. ಇನ್ನು ಯಾರು ಬಂದು ಕೇಳ್ತಾರೆ?"

"ಕೇಳಿದ್ರೆ?"

ಮೊಳದಮ್ಮ ಒಂದು ಹಲಗೆಯನ್ನು ಎತ್ತಿ ತಿರುಗಿಸಿದಳು. ಅದರ ತುಂಬ ಬಲೆ. ನಡುವೆ ಹತ್ತಿಯುಂಡೆಯಂತೆ ಏಳೆಂಟು ಮೊಟ್ಟೆಗೂಡು.

"ಇದು ಯಾವ ಇಲಾಖೆಯದು ಭಾವ?"

ಭಾವ ಕನ್ನಡಕ ಸರಿಪಡಿಸಿಕೊಂಡು ಬೇರೆ ಕಡೆ ನೋಡಿದರು. ಮಧ್ಯಾಹ್ನದ ಹೊತ್ತಿಗೆ ಹಳೇ ಸಾಮಾನಿನವನ ಗಾಡಿ ಬಂದು ಸ್ಟಾಕನ್ನೆಲ್ಲ ಹೇರಿಕೊಂಡು ಹೋಯಿತು. ಗಾಡಿ ಬೀದಿ ತಿರುಗುವವರೆಗೂ ಭಾವ ಗೇಟಿನಲ್ಲಿ ನಿಂತಿದ್ದರು.

ಶನಿವಾರ ಮೊಳದಮ್ಮ ಸೆರಗು ಬಿಗಿದು ಕಿಟಕಿಗೆ ಹಬ್ಬಿದ್ದ ಬಳ್ಳಿಯನ್ನು ಕಡಿದಳು. ಗೋಡೆಯ ಬುಡದ ಒಣಗಿದೆಲೆ ಕೆರೆದು ತೆಗೆದು, ಸುತ್ತಲೂ ಎರಡು ಮೊಳ ಬರಿ ನೆಲ ಬಿಡಿಸಿದಳು. ಬಾಗಿಲ ಕೆಳಗಿನ ಸಂದಿಗೆ ಸೈಕಲ್ ಟ್ಯೂಬಿನ ಪಟ್ಟಿ ಹೊಡೆದಳು. ಅಕ್ಕ ಒಳಗಿನ ಮೂಲೆಮೂಲೆಯ ಬಲೆಯನ್ನು ಗೂಡಿನ ಸಮೇತ ತೆಗೆದಳು. ಉಳಿದದ್ದು ಬಾಗಿಲ ನೆತ್ತಿಯ ದೀಪ.

ಭಾವ ಅಡ್ಡ ನಿಂತರು. "ಏನು ಬೇಕಾದ್ರೂ ಮಾಡು, ದೀಪದ ತಂಟೆಗೆ ಬರಬೇಡ. ಜೇಡ ಕತ್ತಲೆ ಜೀವಿ. ಬೆಳಕಿದ್ದ ಕಡೆ ಸುಳಿಯಲ್ಲ. ಮೂವತ್ತೊಂದು ವರ್ಷ ಬೆಳಕಿನ ಕೆಲಸ ಮಾಡಿದವನಿಗೆ ಹೇಳಿಕೊಡ್ತೀಯಾ?"

ಸಂಗತಿ ಏನೆಂದರೆ, ಮೊದಲನೆಯ ಜೇಡ ಸಿಕ್ಕಾಗ ಭಾವ ಅಲ್ಲಿದ್ದ ಬಲ್ಬು ತೆಗೆದು ಅದಕ್ಕಿಂತ ದೊಡ್ಡದು ಹಾಕಿದ್ದರು. ಎರಡನೆಯದು ಸಿಕ್ಕಾಗ ಅದಕ್ಕಿಂತಲೂ ದೊಡ್ಡದು. ಮೂರನೆಯದರ ನಂತರ ಹಾಕಿದ್ದು ಆಟದ ಮೈದಾನಕ್ಕೆ ಹಾಕುವಂಥದ್ದು. ಎದುರು ಮನೆಯವರು ಅದರ ದೆಸೆಯಿಂದ ಪರದೆ ಕೊಂಡಿದ್ದರು.

"ನಿಮಗೆ ಹೇಳೋಕೆ ನಾನ್ಯಾರು ಭಾವ," ಎಂದಳು ಮೊಳದಮ್ಮ. "ಹೊತ್ತು ಮುಳುಗ್ತಾ ಇದೆ, ದೀಪ ಹಾಕಿ ಇಲ್ಲೇ ಕೂತ್ಕೊಳ್ಳಿ. ಕಾಫಿ ತರ್ತೀನಿ."

ಭಾವ ದೀಪದಡಿ ಕುರ್ಚಿ ಹಾಕಿ ಕುಳಿತು, ಬೆಳಕಿನ ಗುಣಗಳ ಬಗ್ಗೆ ಹೇಳತೊಡಗಿದರು. ಮೊದಲನೆಯ ಹುಳ ಬಂದು ಕಾಫಿಗೆ ಬಿದ್ದಾಗ ಬೆರಳಲ್ಲಿ ತೆಗೆದು ಮುಂದುವರಿಸಿದರು. ಎರಡನೆಯದು ಕಾಲರಿನೊಳಗೆ ಹೋಯಿತು. ಆಮೇಲೆ ಎಣಿಸುವ ಹಾಗಿರಲಿಲ್ಲ. ಬಾಗಿಲ ಚೌಕಟ್ಟಿನ ಸಂದಿಯಿಂದ ಉದ್ದ ಕಾಲಿನ ಜೇಡವೊಂದು ನಿಧಾನವಾಗಿ ಇಳಿದು, ಒಂದು ಹುಳವನ್ನು ಹಿಡಿದು, ಭಾವನ ಕಣ್ಣೆದುರೇ ಬಂದ ದಾರಿಯಲ್ಲೇ ಒಳಕ್ಕೆ ಎಳೆದುಕೊಂಡು ಹೋಯಿತು. ಭಾಷಣ ಅರ್ಧಕ್ಕೆ ನಿಂತಿತು.

"ನೋಡಿದ್ರಾ?" ಎಂದಳು ಅಕ್ಕ, ಒಳಗಿನಿಂದ. "ಎಲೆ ಹಾಕಿ, ದೀಪ ಹಚ್ಚಿ, ಅವಕ್ಕೆ ಬಾಗಿಲಲ್ಲೇ ಊಟ ಬಡಿಸಿದೀರಿ. ಉಂಡವು ಮಲಗೋಕೆ ಒಳಗೆ ಬರ್ತಾವೆ, ಇನ್ನೇನು."

ಭಾವನ ಮುಖ ಸಣ್ಣದಾಯಿತು. ಮೊಳದಮ್ಮನಿಗೆ ಗೆಲ್ಲುವುದಕ್ಕಿಂತ ಆ ದೀಪ ಬಾಗಿಲು ಬಿಡುವುದು ಮುಖ್ಯವಾಗಿತ್ತು.

"ಗೇಟಿನ ಕಂಬಕ್ಕೆ ಹಾಕಿದ್ರೆ ಹುಳವೆಲ್ಲ ಅಲ್ಲೇ ನಿಲ್ತಾವೆ," ಎಂದಳು ಮೆಲ್ಲಗೆ. "ಆದ್ರೆ ಅಲ್ಲೀವರೆಗೆ ವೈರು ಎಳೀಬೇಕಲ್ಲ. ಸಾಮಾನ್ಯದವರ ಕೈಲಾಗೋ ಕೆಲಸ ಅಲ್ಲ, ಬಿಡಿ."

ಭಾನುವಾರ ಬೆಳಗಾಗುವುದರೊಳಗೆ ಭಾವ ಏಣಿಯ ಮೇಲಿದ್ದರು. ಏಣಿ ಹಿಡಿಯುವ ಸರಿಯಾದ ಕ್ರಮವನ್ನು ಹೆಂಡತಿಗೆ ಎರಡು ಸಲ ಹೇಳಿಕೊಟ್ಟರು. ಮಧ್ಯಾಹ್ನಕ್ಕೆ ಬಾಗಿಲ ನೆತ್ತಿಯ ದೊಡ್ಡ ದೀಪ ಇಳಿದು, ಗೇಟಿನ ಕಂಬದಲ್ಲಿ ಒಂದು ಸಣ್ಣ ಹಳದಿ ದೀಪ ಕುಳಿತಿತ್ತು. ಬಾಗಿಲ ಚೌಕಟ್ಟಿನ ಸಂದಿಗೂ ಅವರೇ ಸಿಮೆಂಟು ಮೆತ್ತಿದರು. ದಾರಿಯಲ್ಲಿ ಹೋಗುತ್ತಿದ್ದ ಎದುರು ಮನೆಯವರನ್ನು ನಿಲ್ಲಿಸಿ, "ಬೆಳಕು ಎಷ್ಟಿರಬೇಕು ಅನ್ನೋದಲ್ಲ ಸ್ವಾಮಿ, ಎಲ್ಲಿರಬೇಕು ಅನ್ನೋದೇ ಶಾಸ್ತ್ರ. ನಾನು ಮೊದಲಿಂದ ಹೇಳ್ತಿದ್ದೆ," ಎಂದರು. ಮೊಳದಮ್ಮ ತಲೆಯಾಡಿಸಿದಳು.

"ನಾಳೆ ಒಂದು ಬಂದುಬಿಟ್ರೆ?" ಎಂದು ಅಕ್ಕ ಕೇಳಿದಳು.

"ಎಂದಾದ್ರೂ ಒಂದು ದಾರಿ ತಪ್ಪಿ ಬಂದೀತು. ಆದ್ರೆ ಹೊರಗೆ ಅಡಗೋಕೆ ಜಾಗ ಇಲ್ಲ, ಬಾಗಿಲಲ್ಲಿ ಊಟ ಇಲ್ಲ. ಸುಮ್ಮನೆ ಯಾರು ಬರ್ತಾರೆ? ಹೋಗಿ ಮಲಕ್ಕೋ."

ಸೋಮವಾರ ಎಂಟು ಗಂಟೆಗೆ ನಾಲ್ವರೂ ಬಂದರು. ಎಲ್ಲರ ಪರವಾಗಿ ಒಳಗೆ ಹೋದವಳು ಅಂಚೆ ಕಚೇರಿಯಲ್ಲಿ ಕೆಲಸ ಮಾಡುವ ತಾಯಿ, ಕಂಕುಳಲ್ಲಿ ಮಗಳು. ಆಕೆ ತೊಟ್ಟಿಲುಗಳನ್ನು ಒಂದೊಂದಾಗಿ ಬರಿದು ಮಾಡಿ, ಹಾಸಿಗೆ ಕೊಡವಿ, ಬುಡಮೇಲು ಮಾಡಿ ನೋಡುತ್ತಿದ್ದ ಸದ್ದು ಅಂಗಳಕ್ಕೆ ಕೇಳುತ್ತಿತ್ತು. ಭಾವ ಕೈ ಹಿಂದೆ ಕಟ್ಟಿಕೊಂಡು ಗೇಟಿನಿಂದ ಬಾಗಿಲಿಗೆ ತಿರುಗಾಡುತ್ತಿದ್ದರು.

ಆಮೇಲೆ ಆಕೆ ಹೊರಗೆ ಬಂದಳು. ಕಂಕುಳು ಖಾಲಿ.

"ಹೊಟ್ಟೆ ತುಂಬಿದೆ, ಹತ್ತಕ್ಕೆ ಮಲಗಿಸಿ," ಎಂದು ಒಳಗೆ ಕೂಗಿ, ಚಪ್ಪಲಿ ಮೆಟ್ಟಿ, ಬಸ್ಸಿಗೆ ಹೊತ್ತಾಯಿತೆಂದು ಓಡಿದಳು. ಉಳಿದ ಮೂವರು ಆಕೆಯ ಬೆನ್ನು ನೋಡಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು, ಬಟ್ಟೆಯ ಚೀಲಗಳನ್ನು ಅಕ್ಕನ ಕೈಗೆ ಕೊಟ್ಟರು.